ಒತ್ತಿನ ಕೀಲಿ

ಒತ್ತಕ್ಷರವಿಲ್ಲದೆ ಕನ್ನಡದಲ್ಲಿ ಎಷ್ಟು ದೂರ ನಡೆಯಬಹುದೆಂಬ ಪ್ರಶ್ನೆಯನ್ನು ನಾನಾಗಿ ಎಂದೂ ಕೇಳಿಕೊಂಡವನಲ್ಲ. ಕಳೆದ ಆಷಾಢದ ಒಂದು ಬೆಳಗ್ಗೆ, ಹನ್ನೊಂದು ವರ್ಷಗಳಿಂದ ನನ್ನ ಬರವಣಿಗೆಯ ಭಾರವನ್ನೆಲ್ಲ ಹೊತ್ತುಬಂದಿದ್ದ ಲ್ಯಾಪ್‌ಟಾಪಿನ ಕೀಲಿಮಣೆಯಲ್ಲಿ ಒಂದೇ ಒಂದು ಕೀಲಿ ಮೂಕವಾಗಿ, ಆ ಪ್ರಶ್ನೆಯನ್ನು ನನ್ನ ಮುಂದೆ ತಂದಿರಿಸಿತು. ‘ಅಮ್ಮ’ ಎಂದು ಬರೆಯಹೋದರೆ ‘ಅಮಮ’ ಎಂದಾಯಿತು, ‘ಅಣ್ಣ’ನು ‘ಅಣಣ’ನಾದನು, ‘ಬೆಲ್ಲ’ವು ‘ಬೆಲಲ’ವಾಗಿ ಸವಿಯನ್ನು ಕಳೆದುಕೊಂಡಿತು, ಕಡೆಗೆ ‘ಕನ್ನಡ’ವೇ ‘ಕನನಡ’ವೆಂದು ಪರದೆಯ ಮೇಲೆ ಮೂಡಿದಾಗ, ಪರಿಚಿತರ ಮುಖವನ್ನು ಜ್ವರದಲ್ಲಿ ಕಂಡಾಗ ಆಗುವಂಥ ಒಂದು ಸಂಕಟ ಮನಸ್ಸಿಗೆ ಆಯಿತು.

ಆ ಕೀಲಿಯ ಮೇಲೆ ಅಚ್ಚಾಗಿದ್ದುದು ಎಫ್ ಎಂಬ ಆಂಗ್ಲ ಅಕ್ಷರ. ಇಂಗ್ಲಿಷ್ ಬರೆಯುವವರಿಗೆ ಅದು ಇಪ್ಪತ್ತಾರರಲ್ಲಿ ಒಂದು. ಅದಿಲ್ಲದೆ ಹಲವು ವಾಕ್ಯಗಳು ಹೇಗೋ ಸಾಗಿಯಾವು. ಕನ್ನಡದವರ ಪಾಲಿಗೆ ಅದರ ಅಂತಸ್ತು ಬೇರೆ. ಕೆ. ಪಿ. ರಾವ್ ಎಂದು ನಾಡಿಗೆಲ್ಲ ಪರಿಚಿತರಾದ ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ, ಮುಂದೆ ಕರ್ನಾಟಕ ಸರ್ಕಾರವು ಅಂಗೀಕರಿಸಿ ‘ನುಡಿ’ ತಂತ್ರಾಂಶದ ಮೂಲಕ ಕಚೇರಿ ಕಚೇರಿಗೂ ಮುಟ್ಟಿಸಿದ ಕೀಲಿಮಣೆಯ ವಿನ್ಯಾಸದಲ್ಲಿ, ಎಫ್ ಎಂಬುದು ಒತ್ತಿನ ಸ್ಥಾನ. ‘ಮ’ ಒತ್ತಿ, ಎಫ್ ಒತ್ತಿ, ಮತ್ತೆ ‘ಮ’ ಒತ್ತಿದರೆ ಎರಡು ಮಕಾರಗಳು ಒಂದನ್ನೊಂದು ಅಪ್ಪಿಕೊಂಡು ‘ಮ್ಮ’ ಆಗುತ್ತವೆ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆ ಕೀಲಿ ಎರಡು ಸಲ ದುಡಿಯಬೇಕು; ‘ರಾಷ್ಟ್ರ’ಕ್ಕೂ ಎರಡು ಸಲ; ‘ಲಕ್ಷ್ಮಿ’ಯೂ ಎರಡು ಸಲ ಕರೆಯದೆ ಬರುವವಳಲ್ಲ. ನಲವತ್ತೊಂಬತ್ತು ವರ್ಣಗಳನ್ನೂ ಅವುಗಳ ಗುಣಿತಗಳನ್ನೂ ಅಸಂಖ್ಯಾತವಾದ ಸಂಯುಕ್ತಾಕ್ಷರಗಳನ್ನೂ ಇಪ್ಪತ್ತಾರು ಕೀಲಿಗಳಲ್ಲಿಯೂ ಒಂದು ಶಿಫ್ಟ್ ಕೀಲಿಯಲ್ಲಿಯೂ ಅಡಗಿಸಲು ಸಾಧ್ಯವಾದುದು, ಒತ್ತಕ್ಷರವೆಂಬುದು ಬೇರೆಯೇ ಒಂದು ಅಕ್ಷರವಲ್ಲ, ಎರಡು ಅಕ್ಷರಗಳ ನಡುವಣ ಸಂಬಂಧವೆಂದು ಕಂಡುಕೊಂಡ ದೃಷ್ಟಿಯಿಂದ; ಆ ಸಂಬಂಧಕ್ಕೆಲ್ಲ ಈ ಒಂದು ಕೀಲಿಯೇ ಸಾಕ್ಷಿ, ಇದೇ ಪುರೋಹಿತ.

ಇನ್ನೊಂದು ಸೊಗಸನ್ನೂ ಇಲ್ಲಿ ಹೇಳಬೇಕು. ಅಮೆರಿಕದ ಮಿಲ್ವಾಕೀ ನಗರದಲ್ಲಿ ಪತ್ರಿಕೆ ನಡೆಸುತ್ತಿದ್ದ ಕ್ರಿಸ್ಟೋಫರ್ ಲೇಥಮ್ ಶೋಲ್ಸ್ 1868ರಲ್ಲಿ ಸಂಗಡಿಗರೊಡನೆ ಬೆರಳಚ್ಚು ಯಂತ್ರಕ್ಕೆ ಹಕ್ಕುಪತ್ರ ಪಡೆದು, ಅಕ್ಷರಗಳ ಪೀಠಗಳನ್ನು ಹಲವು ಸಲ ಅದಲುಬದಲು ಮಾಡಿ, 1874ರಲ್ಲಿ ರೆಮಿಂಗ್ಟನ್ ಕಾರ್ಖಾನೆಯ ಮೂಲಕ ಅದನ್ನು ಮಾರುಕಟ್ಟೆಗೆ ತಂದಾಗ, ಅವರ ಕಣ್ಣ ಮುಂದೆ ಕನ್ನಡದ ಒತ್ತಕ್ಷರ ಸುಳಿದಿರಲಾರದು. ಆದರೂ ಎಫ್ ಬಂದು ಕುಳಿತದ್ದು ಎಡಗೈಯ ತೋರುಬೆರಳು ವಿಶ್ರಮಿಸುವ ಸ್ಥಾನದಲ್ಲಿ. ನೋಡದೆ ಟೈಪ್ ಮಾಡುವವರ ಬೆರಳಿಗೆ ದಾರಿ ತಿಳಿಯಲೆಂದು ಎಫ್ ಮತ್ತು ಜೆ ಕೀಲಿಗಳ ಮೇಲೆ ಒಂದೊಂದು ಸಣ್ಣ ಏಣು ಇರುತ್ತದೆ. ಕತ್ತಲೆಯಲ್ಲಿ ಹೊಸ್ತಿಲನ್ನು ಕಾಲು ಗುರುತಿಸುವಂತೆ ಬೆರಳು ಅದನ್ನು ಗುರುತಿಸುತ್ತದೆ. ಕೇಂದ್ರ ಸರ್ಕಾರವು 1986ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾಗಿ ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿಯೂ ಒತ್ತು ಕೊಡುವ ಚಿಹ್ನೆ ಅದಕ್ಕೆ ತಾಗಿದ ಡಿ ಕೀಲಿಯ ಮೇಲೆ, ಅದೇ ಸಾಲಿನಲ್ಲಿ, ಅದೇ ಕೈಯ ಕೆಳಗೆ ಇದೆ. ಹೆಚ್ಚು ದುಡಿಯುವವನಿಗೆ ಹತ್ತಿರದ ಮಣೆ ಹಾಕುವುದು ನಮ್ಮ ಪಂಕ್ತಿಯ ಮರ್ಯಾದೆಗೆ ಒಪ್ಪುವ ಮಾತೇ ಅಲ್ಲವೆ?

ನನ್ನ ಕೀಲಿಮಣೆಯಲ್ಲಿ ಆ ಏಣು ಸವೆದು ನುಣುಪಾಗಿ ಹೋಗಿತ್ತು. ಹನ್ನೊಂದು ವರ್ಷಗಳಲ್ಲಿ ಬರೆದ ಪ್ರಬಂಧಗಳು, ಪತ್ರಗಳು, ಮಕ್ಕಳ ಮದುವೆಯ ಲಗ್ನಪತ್ರಿಕೆ, ತಂದೆಯವರ ವೈಕುಂಠ ಸಮಾರಾಧನೆಯ ಆಹ್ವಾನ, ಇವೆಲ್ಲವುಗಳಲ್ಲಿ ಎರಡು ಪದಕ್ಕೆ ಒಂದರಂತೆಯಾದರೂ ಒತ್ತು ಬಂದಿರಬೇಕು. ಆ ಸವೆತ ನನ್ನ ಭಾಷೆಯೇ ತನ್ನ ನಡೆಯಿಂದ ಮಾಡಿದ ಕಾಲುದಾರಿ ಎಂದು ತೋರಿತು. ಎರಡು ದಿನ ಒತ್ತಿಲ್ಲದ ಪದಗಳನ್ನೇ ಹುಡುಕಿ ಬರೆದು ನೋಡಿದೆನು. ಮನೆ, ಮರ, ಮಳೆ, ಬೆಳೆ, ಹಸು, ಕರು, ಹೂವು, ಹೊಲ, ಇವೆಲ್ಲ ಬಂದುವು. ಒಂದನೆಯ ತರಗತಿಯ ಮಗುವಿನ ಪುಸ್ತಕದಲ್ಲಿ ಅರಸ, ಆಗಸ, ಗಗನ, ಸದನಗಳು ಹೇಗೆ ಸಾಲಾಗಿ ಕೈಬಿಟ್ಟು ನಿಂತಿರುತ್ತವೆಯೋ ಹಾಗೆ ಬಂದುವು. ಆದರೆ ಅಪ್ಪ, ಅಮ್ಮ, ಅಕ್ಕ, ಅಣ್ಣ, ತಮ್ಮ, ಅಜ್ಜ, ಅಜ್ಜಿ ಯಾರೂ ಬರಲೊಲ್ಲರು. ಅನ್ನ, ಬೆಣ್ಣೆ, ತುಪ್ಪಗಳು ಬರಲೊಲ್ಲವು. ಹಬ್ಬವಿಲ್ಲ, ಹಳ್ಳಿಯಿಲ್ಲ, ಹಿತ್ತಿಲಿಲ್ಲ. ನಮ್ಮ ಭಾಷೆಯಲ್ಲಿ ಹತ್ತಿರದವರೆಲ್ಲರೂ ಒತ್ತಿನ ಬಂಧುಗಳೆಂಬುದು ಐವತ್ತು ವರ್ಷ ಬರೆದ ಮೇಲೆ, ಒಂದು ಕೀಲಿ ಕೆಟ್ಟ ಮೇಲೆ, ನನಗೆ ತಿಳಿಯಿತು.

ಕೀಲಿ ಕೆಡುವುದೆಂದರೇನು ಎಂಬುದನ್ನು ತಿಳಿಯುವ ಕುತೂಹಲದಿಂದ ಮೊದಲು ಆ ಕೀಲಿಯ ಟೊಪ್ಪಿಗೆಯನ್ನು ಉಗುರಿನಿಂದ ಮೆಲ್ಲನೆ ಎತ್ತಿ ತೆಗೆದೆನು. ಅದರ ಕೆಳಗೆ ಕತ್ತರಿಯ ಎರಡು ಅಲಗುಗಳಂತೆ ಒಂದರೊಳಗೊಂದು ಹಾಯ್ದುಕೊಂಡಿರುವ ತೆಳುವಾದ ಪ್ಲಾಸ್ಟಿಕ್ ಕಾಲುಗಳಿದ್ದುವು. ಬೆರಳು ಕೀಲಿಯ ಮೂಲೆಯನ್ನು ಒತ್ತಿದರೂ ಅದು ಓರೆಯಾಗದೆ ಸಮನಾಗಿ ಇಳಿಯುವುದು ಇವುಗಳಿಂದ. ಅವುಗಳ ನಡುವೆ ಹೆಸರುಕಾಳಿಗಿಂತ ತುಸು ದೊಡ್ಡದಾದ ಒಂದು ರಬ್ಬರಿನ ಗುಮ್ಮಟ. ಒತ್ತಿದ ಕೀಲಿಯನ್ನು ಮರಳಿ ಎತ್ತಿ ನಿಲ್ಲಿಸುವುದು ಅದರ ಕೆಲಸ. ಗುಮ್ಮಟದ ಕೆಳಗೆ ಮೂರು ಪದರದ ಪಾರದರ್ಶಕ ಹಾಳೆ. ಮೇಲಿನದರಲ್ಲಿಯೂ ಕೆಳಗಿನದರಲ್ಲಿಯೂ ವಿದ್ಯುತ್ ಹರಿಯುವ ಗೆರೆಗಳನ್ನು ಅಚ್ಚು ಹಾಕಿರುತ್ತಾರೆ. ನಡುವಣ ಹಾಳೆ ಅವೆರಡನ್ನೂ ದೂರವಿಡುತ್ತದೆ, ಆದರೆ ಒಂದೊಂದು ಕೀಲಿಯ ಕೆಳಗೂ ಅದಕ್ಕೆ ಒಂದೊಂದು ರಂಧ್ರವುಂಟು. ಬೆರಳು ಒತ್ತಿದಾಗ ಮೇಲಣ ಗೆರೆ ಆ ರಂಧ್ರದ ಮೂಲಕ ಬಾಗಿ ಕೆಳಗಣ ಗೆರೆಯನ್ನು ಮುಟ್ಟುತ್ತದೆ. ಆ ಕ್ಷಣಮಾತ್ರದ ಸ್ಪರ್ಶವೇ ಅಕ್ಷರವಾಗುತ್ತದೆ.

ಇದರಲ್ಲಿ ನನ್ನನ್ನು ಬಹಳವಾಗಿ ಸೆಳೆದುದು ಅದರ ಮಿತವ್ಯಯ. ಒಂದೊಂದು ಕೀಲಿಗೂ ಒಂದೊಂದು ತಂತಿಯನ್ನು ಎಳೆದಿಲ್ಲ. ಅಡ್ಡಗೆರೆ, ನೀಟಗೆರೆಗಳ ಒಂದು ಬಲೆಯನ್ನು ಹೆಣೆದು, ಅವು ಹಾಯುವ ಸಂಧಿಸ್ಥಾನಗಳಲ್ಲಿ ಕೀಲಿಗಳನ್ನು ಕೂಡಿಸಿರುತ್ತಾರೆ. ಎಂಟು ಅಡ್ಡಗೆರೆಗಳೂ ಹದಿನಾರು ನೀಟಗೆರೆಗಳೂ ಇದ್ದರೆ, ಇಪ್ಪತ್ತನಾಲ್ಕೇ ಗೆರೆಗಳಿಂದ 128 ಸಂಧಿಗಳು ಸಿದ್ಧವಾಗುತ್ತವೆ. ಯಂತ್ರವು ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತಾರು ಸಲ ಆ ಗೆರೆಗಳನ್ನೆಲ್ಲ ತಡವಿ, ಯಾವ ಅಡ್ಡಗೆರೆ ಯಾವ ನೀಟಗೆರೆಯನ್ನು ಮುಟ್ಟಿದೆಯೆಂದು ವಿಚಾರಿಸಿಕೊಳ್ಳುತ್ತದೆ. ಆದುದರಿಂದ ಒಂದು ಗೆರೆ ಬಿರುಕುಬಿಟ್ಟಿತೆಂದರೆ ಅದರ ಮೇಲೆ ಕುಳಿತ ನೆರೆಹೊರೆಯ ಕೀಲಿಗಳಿಗೂ ಬಾಧೆ ತಪ್ಪದು. ಗುಮ್ಮಟವನ್ನು ಒರೆಸಿ, ಧೂಳು ತೆಗೆದು ಕೂಡಿಸಿದರೂ ಒತ್ತು ಬಾರದೆ, ಮೂರನೆಯ ದಿನ ‘ರ’ಕಾರವೂ ‘ವ’ಕಾರವೂ ತಡವರಿಸತೊಡಗಿದಾಗ, ರೋಗ ಕೀಲಿಯದಲ್ಲ, ಮಣೆಯ ಒಳಗೆರೆಯದು ಎಂದು ನಿಶ್ಚಯವಾಯಿತು. ಆ ಮೂರು ಪದರದ ಹಾಳೆಯನ್ನು ಬಿಡಿಯಾಗಿ ಬದಲಿಸುವಂತಿಲ್ಲ. ಇಡಿಯ ಮಣೆಯನ್ನೇ ಬದಲಿಸಬೇಕು.

ದುರಸ್ತಿಯ ಕೇಂದ್ರವೊಂದಕ್ಕೆ ಒಯ್ದಾಗ, ಅಲ್ಲಿಯ ತರುಣನು ಯಂತ್ರವನ್ನು ತೆರೆಯದೆಯೇ, “ಇದಕ್ಕೆ ಬಿಡಿಭಾಗ ಬರೋದು ನಿಂತುಹೋಗಿದೆ ಸರ್, ಹೊಸದು ತಗೊಳ್ಳೋದೇ ಒಳ್ಳೇದು” ಎಂದನು. ಅವನ ಮಾತಿನಲ್ಲಿ ಅವಿನಯವಿರಲಿಲ್ಲ. ಅವನಿಗೆ ಕಲಿಸಿದ ಮಾತನ್ನು ಅವನು ಆಡಿದನು. ಆದರೂ ತೊಂಬತ್ತಕ್ಕೆ ಸಮೀಪದ ಕೀಲಿಗಳಲ್ಲಿ ಒಂದು ಸೋತಿತೆಂದು, ಪರದೆ, ಸ್ಮೃತಿಕೋಶ, ಮಿದುಳು ಎಲ್ಲ ಸ್ವಸ್ಥವಾಗಿರುವ ಒಂದು ಉಪಕರಣಕ್ಕೆ ಅಂತ್ಯಸಂಸ್ಕಾರ ವಿಧಿಸುವುದು ಯಾವ ನ್ಯಾಯವೆಂದು ದಾರಿಯುದ್ದಕ್ಕೂ ಯೋಚಿಸುತ್ತ ಮನೆಗೆ ಬಂದೆನು. ವೀಣೆ ನುಡಿಸುವವರು ತಂತಿ ಹರಿದರೆ ತಾವೇ ಬೇರೆಯದನ್ನು ಬಿಗಿದುಕೊಂಡು ಶ್ರುತಿ ಮಾಡಿಕೊಳ್ಳುತ್ತಾರೆ. ಮಗ್ಗದ ಮುಂದಣ ನೇಕಾರನು ಹರಿದ ಎಳೆಯನ್ನು ತಾನೇ ಹುಡುಕಿ ಕೂಡಿಸುತ್ತಾನೆ. ನಿತ್ಯವೂ ಬರೆಯುವವನಾಗಿ, ಬರೆಯುವ ಉಪಕರಣದ ಒಂದು ತಂತಿಯನ್ನು ಬದಲಿಸುವ ಅಧಿಕಾರ ನನಗೂ ಇರಬೇಕೆಂದು ಬಯಸಿದೆನು.

ಮರುದಿನ ಬೆಂಗಳೂರಿನ ಎಸ್. ಪಿ. ರಸ್ತೆಗೆ ಹೋದೆನು. ಪುರಭವನದಿಂದ ನಡೆದೇ ಹೋಗಬಹುದಾದ ಆ ಇಕ್ಕಟ್ಟಾದ ಬೀದಿಯಲ್ಲಿ, ತಂತಿಗಳ ಸುರುಳಿ, ಹಳೆಯ ಪರದೆ, ಬ್ಯಾಟರಿ, ಬೆಸುಗೆಯ ಹೊಗೆ, ಗಾಡಿ ತಳ್ಳುವವರ ಕೂಗುಗಳ ನಡುವೆ, ಎಂಟಡಿ ಅಗಲದ ಒಂದು ಅಂಗಡಿಯಲ್ಲಿ ಕೀಲಿಮಣೆಗಳನ್ನು ಗ್ರಂಥಾಲಯದ ಪುಸ್ತಕಗಳಂತೆ ನಿಲ್ಲಿಸಿ ಜೋಡಿಸಿದ್ದರು. ಅಂಗಡಿಯ ಹಿರಿಯರು ನನ್ನ ಯಂತ್ರವನ್ನು ಬೋರಲಾಗಿ ಮಲಗಿಸಿ, ಬೆನ್ನ ಮೇಲಣ ಸಂಖ್ಯೆಯನ್ನು ಕನ್ನಡಕ ಮೇಲೇರಿಸಿ ಓದಿ, “ಮಾಡೆಲ್ ಒಂದೇ ಆದ್ರೂ ಕೀಬೋರ್ಡು ಎರಡು ಥರ ಬರತ್ತೆ ಸಾರ್. ಒಳಗೆ ಲೈಟ್ ಇರೋದು ಒಂದು, ಇಲ್ಲದ್ದು ಒಂದು. ಎಂಟರ್ ಉದ್ದ ಇರೋದು ಬೇರೆ ದೇಶದ್ದು, ನಿಮಗೆ ಅಡ್ಡ ಇರೋದೇ ಆಗಬೇಕು” ಎಂದು ಹೇಳಿ, ಮೂರನ್ನು ಹೊರತೆಗೆದು, ತಿರುಪಿನ ಕಿವಿಗಳು ಎಲ್ಲಿವೆ, ಮಣೆಯನ್ನು ಯಂತ್ರಕ್ಕೆ ಕೂಡಿಸುವ ಪಟ್ಟಿ ಯಾವ ಕಡೆಯಿಂದ ಹೊರಡುತ್ತದೆ, ಅದರ ಉದ್ದವೆಷ್ಟು ಎಂದು ಒಂದೊಂದನ್ನೂ ಪರಿಶೀಲಿಸಿ, ಒಂದನ್ನು ನನ್ನ ಕೈಗಿತ್ತರು. ಬೆಲೆ 1,100 ರೂಪಾಯಿ. ಹತ್ತು ನಿಮಿಷದಲ್ಲಿ ತಾವೇ ಹಾಕಿಕೊಡುವುದಾಗಿ ಹೇಳಿದವರಿಗೆ, ನಾನೇ ಹಾಕಿಕೊಳ್ಳಬೇಕೆಂದಿದ್ದೇನೆ ಎಂದು ವಿನಂತಿಸಿಕೊಂಡೆನು. ಅವರು ನನ್ನನ್ನು ಒಂದು ಗಳಿಗೆ ನೋಡಿ, “ಹಾಗಾದ್ರೆ ಒಂದು ಮಾತು ನೆನಪಿಟ್ಕೊಳ್ಳಿ. ಪಟ್ಟೀನ ಎಳೀಬೇಡಿ. ಮೊದಲು ಕ್ಲಿಪ್ ಎತ್ತಿ, ಕ್ಲಿಪ್ ಎದ್ದರೆ ಪಟ್ಟಿ ತಾನಾಗೇ ಬರತ್ತೆ” ಎಂದರು. ವ್ಯಾಪಾರದ ನಡುವೆ ಕೊಟ್ಟ ಆ ಒಂದು ವಾಕ್ಯ ಮಣೆಗಿಂತ ಹೆಚ್ಚು ಬೆಲೆಯದಾಗಿತ್ತೆಂದು ನಾನು ಇಂದಿಗೂ ಭಾವಿಸುತ್ತೇನೆ.

ಭಾನುವಾರ ಬೆಳಗ್ಗೆ ಸ್ನಾನ ತಿಂಡಿಗಳು ಮುಗಿದ ಮೇಲೆ, ನಡುಮನೆಯ ಕಿಟಕಿಯ ಬೆಳಕಿನಲ್ಲಿ ಒಂದು ಮಡಿಸಿದ ಬಿಳಿಯ ಪಂಚೆಯನ್ನು ಹಾಸಿ ಕೆಲಸಕ್ಕೆ ಕುಳಿತೆನು. ಚಾರ್ಜರಿನ ತಂತಿಯನ್ನು ಬಿಡಿಸಿ, ಬ್ಯಾಟರಿಯನ್ನು ಕಳಚಿ, ಒಳಗೆ ಉಳಿದಿರಬಹುದಾದ ವಿದ್ಯುತ್ತೂ ಹರಿದುಹೋಗಲೆಂದು ಆರಂಭದ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿಹಿಡಿದೆನು; ಮೈಯಲ್ಲಿ ಸೇರಿಕೊಂಡ ಸ್ಥಿರವಿದ್ಯುತ್ತು ಸೂಕ್ಷ್ಮವಾದ ಭಾಗಗಳಿಗೆ ಅಪಾಯಕರವಾದುದರಿಂದ ಕಿಟಕಿಯ ಕಬ್ಬಿಣದ ಸರಳನ್ನು ಮುಟ್ಟಿ ಬಂದೆನು. ಇನ್ನು ತಿರುಪುಮೊಳೆಗಳು. ಅವು ಹದಿಮೂರು, ಒಂಬತ್ತು ಗಿಡ್ಡ, ನಾಲ್ಕು ಉದ್ದ. ಉದ್ದದ್ದನ್ನು ಗಿಡ್ಡದರ ತೂತಿಗೆ ಹಾಕಿ ಬಿಗಿದರೆ ಅದು ಒಳಗಿನ ಹಲಗೆಯನ್ನೇ ಚುಚ್ಚೀತು. ಆದುದರಿಂದ ಯಾವುದು ಎಲ್ಲಿಂದ ಬಂದಿತೆಂಬುದನ್ನು ತಪ್ಪದೆ ಕಾಪಾಡಬೇಕು. ಬಟ್ಟಲುಗಳನ್ನು ಹುಡುಕುತ್ತಿದ್ದ ನನ್ನನ್ನು ಕಂಡು, ಎಂಬತ್ತು ದಾಟಿದ ನನ್ನ ತಾಯಿ ತಮ್ಮ ಕೋಣೆಗೆ ಹೋಗಿ ಅಳಗುಳಿಮಣೆಯನ್ನು ತಂದು, ಹುಣಿಸೆಬೀಜಗಳನ್ನು ಸೆರಗಿಗೆ ಸುರಿದುಕೊಂಡು, “ಇದರಲ್ಲಿ ಇಡು. ಆದರೆ ಬಿಚ್ಚಿದ್ದೆಲ್ಲ ಮತ್ತೆ ಕೂಡುತ್ತೇನೋ ಮಗು?” ಎಂದು ಕೇಳಿದರು. ಕೂಡುತ್ತದೆ ಅಮ್ಮ ಎಂದೆನು. ಅವರು ಎದುರಿಗೇ ಕುಳಿತುಕೊಂಡರು.

ಕರಾವಳಿಯವರು ಚೆನ್ನೆಮಣೆಯೆಂದು ಕರೆಯುವ, ಎರಡು ಸಾಲಿಗೆ ಏಳೇಳರಂತೆ ಹದಿನಾಲ್ಕು ಗುಳಿಗಳ ಆ ಮರದ ಹಲಗೆ ನನ್ನ ಕೆಲಸಕ್ಕೆಂದೇ ಕಡೆದಂತಿತ್ತು. ಹದಿಮೂರು ಗುಳಿಗಳಲ್ಲಿ ಹದಿಮೂರು ತಿರುಪುಗಳು, ಯಂತ್ರದ ಬೆನ್ನಿನ ಕ್ರಮದಲ್ಲಿಯೇ, ಹದಿನಾಲ್ಕನೆಯದು ಬರಿದು. ನಮ್ಮ ಮನೆಗಳಲ್ಲಿ ಎಷ್ಟೊಂದು ಮಣೆಗಳಿದ್ದುವೆಂಬುದು ಆಗ ನೆನಪಾಯಿತು. ಊಟಕ್ಕೆ ಕುಳಿತುಕೊಳ್ಳುವ ಮಣೆ, ಕಾಯಿ ತುರಿಯುವ ತುರಿಮಣೆ, ತರಕಾರಿ ಹೆಚ್ಚುವ ಈಳಿಗೆಮಣೆ, ಹೋಳಿಗೆ ಲಟ್ಟಿಸುವ ಮಣೆ, ವಧೂವರರನ್ನು ಕೂಡಿಸುವ ಹಸೆಮಣೆ. ಮನುಷ್ಯನ ದೇಹವೂ ಅವನ ಕೆಲಸವೂ ಕೂಡುವ ಸ್ಥಳಕ್ಕೆ ನಮ್ಮವರು ಇಟ್ಟ ಹೆಸರೇ ಮಣೆಯೆಂದು ತೋರುತ್ತದೆ. ಯಾರೋ ಪುಣ್ಯವಂತರು ಕೀಬೋರ್ಡಿಗೆ ಕೀಲಿಮಣೆಯೆಂದು ಹೆಸರಿಟ್ಟು ಅದನ್ನೂ ಈ ಕುಲಕ್ಕೆ ಸೇರಿಸಿದರು. ತುರಿಮಣೆಯ ಹಲ್ಲು ಮೊಂಡಾದರೆ ಅರದಿಂದ ಉಜ್ಜಿ ಹರಿತಮಾಡಿಕೊಳ್ಳುತ್ತಿದ್ದರು. ಈಳಿಗೆಯ ಕೀಲು ಸಡಿಲವಾದರೆ ಬಿಗಿಯುತ್ತಿದ್ದರು. ಈ ಹೊಸ ಮಣೆಗೆ ಮಾತ್ರ ಆ ಉಪಚಾರ ಏಕೆ ನಿಷಿದ್ಧವಾಗಬೇಕು?

ತಿರುಪುಗಳೆಲ್ಲ ಬಂದ ಮೇಲೆ ಯಂತ್ರವನ್ನು ಮಗುಚಿ ಇರಿಸಿ, ಒಂದು ಹಳೆಯ ಪ್ಲಾಸ್ಟಿಕ್ ಚೀಟಿಯ ಅಂಚನ್ನು ಮಣೆಯ ಮೇಲಂಚಿನಲ್ಲಿ ತೂರಿಸಿ ಮೆಲ್ಲನೆ ಮೀಟಿದೆನು. ಒಂದೆರಡು ಕೊಕ್ಕೆಗಳು ಚಿಟಿಕೆಯಂತೆ ಸದ್ದುಮಾಡಿ ಬಿಟ್ಟುಕೊಂಡು, ಹನ್ನೊಂದು ವರ್ಷ ಅಲುಗದೆ ಕುಳಿತಿದ್ದ ಮಣೆ ಪುಸ್ತಕದ ಹಾಳೆಯಂತೆ ಮೇಲೆದ್ದಿತು. ಅದರ ಅಡಿಯಲ್ಲಿ ಹತ್ತಿಯಂಥ ಬೂದು ಧೂಳು, ಒಂದೆರಡು ಕೂದಲು, ಮತ್ತು ಯಾವುದೋ ಒಂದು ಸಂಕ್ರಾಂತಿಯ ದಿನ ಬರೆಯುತ್ತ ತಿಂದುದರ ಗುರುತಾಗಿ ಒಂದೇ ಒಂದು ಬಿಳಿಯ ಎಳ್ಳು. ಅಮ್ಮ ಅದನ್ನು ಬೆರಳ ತುದಿಗೆ ಅಂಟಿಸಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಮಣೆಯ ನಡುವಿನಿಂದ ಎರಡು ಬೆರಳಗಲದ ತೆಳುವಾದ ಪಟ್ಟಿ ಇಳಿದು, ತಾಯಿಹಲಗೆಯ ಮೇಲಣ ಅಷ್ಟೇ ಅಗಲದ ಒಂದು ಬಾಯಿಯನ್ನು ಹೊಕ್ಕಿತ್ತು. ನಾನು ಬರೆದ ಸಮಸ್ತ ಅಕ್ಷರಗಳೂ ಆ ಕಾಗದದಷ್ಟು ತೆಳುವಾದ ಸೇತುವೆಯ ಮೇಲೆ ಹಾದುಹೋಗಿದ್ದುವು. ಅಂಗಡಿಯ ಹಿರಿಯರು ಹೇಳಿದ್ದ ಕ್ಲಿಪ್ ಕಂಡಿತು. ಅಕ್ಕಿಕಾಳಿನಷ್ಟು ದಪ್ಪದ ಕಪ್ಪು ರೆಪ್ಪೆ. ಉಗುರಿನಿಂದ ಎತ್ತಿದೊಡನೆ ಹಿಡಿತ ಸಡಿಲಿ, ಪಟ್ಟಿ ಯಾವ ಪ್ರಯಾಸವೂ ಇಲ್ಲದೆ ಹೊರಗೆ ಬಂದಿತು.

ಆ ಕ್ಷಣದಲ್ಲಿ ಮಾಧ್ಯಮಿಕ ಶಾಲೆಯ ಪರೀಕ್ಷೆಯ ಒಂದು ಪ್ರಶ್ನೆ ನನಗೆ ನೆನಪಾಯಿತು: ‘ಕೆಳಗಿನ ಪದಗಳನ್ನು ಬಿಡಿಸಿ ಬರೆಯಿರಿ.’ ಸಂಧಿಯನ್ನು ಬಲ್ಲವನು ಪದವನ್ನು ಹರಿಯುವುದಿಲ್ಲ. ಎಲ್ಲಿ ಎರಡು ಪದಗಳು ಕೂಡಿದುವೋ ಅಲ್ಲಿಯೇ ಕೈಯಿಟ್ಟು, ಅವುಗಳ ಸ್ವರೂಪ ಕೆಡದಂತೆ ಬೇರ್ಪಡಿಸಿ, ಬೇಕೆಂದಾಗ ಮತ್ತೆ ಕೂಡಿಸುತ್ತಾನೆ. ಬಿಡಿಸಬಲ್ಲವನಿಗೆ ಮಾತ್ರ ಪದದ ಅರ್ಥ ಪೂರ್ಣವಾಗಿ ತಿಳಿಯುವುದೆಂದು ನಮ್ಮ ಪಂಡಿತರು ಹೇಳುತ್ತಿದ್ದರು. ಉಪಕರಣಗಳ ಮಾತೂ ಹಾಗೆಯೇ. ಚೆನ್ನಾಗಿ ಮಾಡಿದ ವಸ್ತುವಿಗೆ ಸಂಧಿಗಳಿರುತ್ತವೆ. ತಿರುಪು, ಕೊಕ್ಕೆ, ರೆಪ್ಪೆಗಳ ರೂಪದಲ್ಲಿ ಅದನ್ನು ಮಾಡಿದವನು, ಮುಂದೊಂದು ದಿನ ಇದನ್ನು ತೆರೆಯುವವನೊಬ್ಬನು ಬರುತ್ತಾನೆ, ಅವನಿಗೆ ದಾರಿ ಇರಲಿ ಎಂದು ಬಿಟ್ಟ ಬಾಗಿಲುಗಳು ಅವು. ನನ್ನ ಯಂತ್ರದ ಬೆನ್ನಿನಲ್ಲಿ ಮಣೆಗೆ ಸಂಬಂಧಪಟ್ಟ ತಿರುಪುಗಳ ಪಕ್ಕದಲ್ಲಿ ಕೀಲಿಮಣೆಯ ಒಂದು ಪುಟ್ಟ ಚಿತ್ರವನ್ನು ಕೆತ್ತಿದ್ದರು. ನಾನು ಎಂದೂ ಕಾಣದ ಯಾವನೋ ಶಿಲ್ಪಿ ನನ್ನ ವಿವೇಕದ ಮೇಲೆ ಇಟ್ಟ ವಿಶ್ವಾಸದ ಮುದ್ರೆ ಅದೆಂದು ತಿಳಿದು, ಮನಸ್ಸಿನಲ್ಲಿಯೇ ಅವನಿಗೆ ನಮಸ್ಕಾರ ಮಾಡಿದೆನು.

ಈಗಿನ ಎಷ್ಟೋ ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಆ ವಿಶ್ವಾಸ ಕಾಣದೆ ಇರುವುದು ವ್ಯಸನದ ಸಂಗತಿ. ಮಣೆಯನ್ನು ಮೇಲ್ಕವಚಕ್ಕೆ ಹತ್ತಾರು ಸಣ್ಣ ರಿವೆಟ್ಟುಗಳಿಂದ ಶಾಶ್ವತವಾಗಿ ಜಡಿದಿರುತ್ತಾರೆ. ಅದನ್ನು ತಲುಪಬೇಕಾದರೆ ಬ್ಯಾಟರಿ, ತಾಯಿಹಲಗೆ, ಬೀಸಣಿಗೆ ಎಲ್ಲವನ್ನೂ ಹೊರತೆಗೆಯಬೇಕು. ತಲುಪಿದ ಮೇಲೂ ಕವಚವನ್ನೇ ಬದಲಿಸಬೇಕಾಗುವುದುಂಟು. ನನ್ನ ಬಾಲ್ಯದಲ್ಲಿ ಕಲಾಯಿ ಹಾಕುವವರು ಬೀದಿಗೆ ಬಂದು, ಹೊಂಗೆಯ ನೆರಳಿನಲ್ಲಿ ಕುಳಿ ತೋಡಿ, ತಿದಿಯೊತ್ತಿ, ಕಾದ ಹಿತ್ತಾಳೆಯ ಪಾತ್ರೆಗೆ ನವಸಾಗರವನ್ನು ಉದುರಿಸಿ, ಅರಿವೆಯಿಂದ ತವರವನ್ನು ಒಂದೇ ಸುತ್ತಿಗೆ ಬಳಿದುಬಿಡುವುದನ್ನು ನೋಡುತ್ತ ನಿಲ್ಲುತ್ತಿದ್ದೆವು. ರೈತರು ನೇಗಿಲಿನ ಗುಳವನ್ನು ಕುಲುಮೆಗೆ ಒಯ್ದು ಹಣಿಸಿಕೊಂಡು ಬರುತ್ತಿದ್ದರು. ಅಂದು ಯಾರೂ ಅದನ್ನು ಹಕ್ಕೆಂದು ಕರೆಯಲಿಲ್ಲ. ಇಂದು ಕರೆಯಬೇಕಾಗಿದೆ. ಫ್ರಾನ್ಸ್ ದೇಶವು 2021ರ ಜನವರಿಯಿಂದ ಲ್ಯಾಪ್‌ಟಾಪ್ ಮೊದಲಾದ ವಸ್ತುಗಳನ್ನು ಮಾರುವಾಗ ಅವು ಎಷ್ಟರಮಟ್ಟಿಗೆ ದುರಸ್ತಿಗೆ ಒದಗುತ್ತವೆಂಬುದನ್ನು ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು ತಿಳಿಸಬೇಕೆಂದು ವಿಧಿಸಿತು. ನಮ್ಮ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಜುಲೈ ತಿಂಗಳಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ರಚಿಸಿ, ಬೇಸಾಯದ ಸಲಕರಣೆ, ಮೊಬೈಲು, ಮನೆಬಳಕೆಯ ಯಂತ್ರ, ವಾಹನ ಈ ನಾಲ್ಕನ್ನು ಮೊದಲು ಕೈಗೆತ್ತಿಕೊಂಡಿತು. ನೇಗಿಲಿನ ಗುಳಕ್ಕೂ ನನ್ನ ಕೀಲಿಮಣೆಗೂ ನೆಂಟಸ್ತಿಕೆಯುಂಟೆಂದು ಸರ್ಕಾರದ ಕಡತದಲ್ಲಿಯೂ ದಾಖಲಾಗುವ ಕಾಲ ಬಂದಿತಲ್ಲಾ ಎಂದು ಸಂತೋಷಪಟ್ಟೆನು. ಕಾನೂನು ಬಾಗಿಲನ್ನು ತೆರೆಯಿಸಬಹುದು. ಒಳಗೆ ಹೆಜ್ಜೆಯಿಡಬೇಕಾದ ಕಾಲು ನಮ್ಮದು.

ಹೊಸ ಮಣೆಯ ಪಟ್ಟಿಯನ್ನು ಆ ಬಾಯಿಗೆ ತೂರಿಸಿ, ರೆಪ್ಪೆಯನ್ನು ಮುಚ್ಚಿ, ತಿರುಪುಗಳನ್ನು ಹಾಕುವ ಮುನ್ನ ಪರೀಕ್ಷಿಸಿ ನೋಡೋಣವೆಂದು ಬ್ಯಾಟರಿ ಕೂಡಿಸಿ ಯಂತ್ರವನ್ನು ಎಬ್ಬಿಸಿದೆನು. ಒತ್ತು ಬಂದಿತು, ಆದರೆ ‘ಟ’ಕಾರ ‘ಡ’ಕಾರಗಳು ಮಾಯವಾಗಿದ್ದುವು. ಅಮ್ಮ ಮಾತಾಡಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದರು. ಮತ್ತೆ ಆರಿಸಿ, ಬ್ಯಾಟರಿ ತೆಗೆದು, ಟಾರ್ಚಿನ ಬೆಳಕನ್ನು ಅಡ್ಡಲಾಗಿ ಬಿಟ್ಟು ನೋಡಿದರೆ, ಪಟ್ಟಿ ಒಂದು ಬದಿಗೆ ಕೂದಲೆಳೆಯಷ್ಟು ಓರೆಯಾಗಿ ಕುಳಿತಿತ್ತು. ಒಂದು ಕೊನೆಯ ಗೆರೆಗಳು ತಮ್ಮ ಜೊತೆಯ ಗೆರೆಗಳನ್ನು ಮುಟ್ಟಿರಲಿಲ್ಲ. ರೆಪ್ಪೆಯೆತ್ತಿ, ಎರಡು ಹೆಬ್ಬೆರಳುಗಳಿಂದ ಸಮನಾಗಿ ಒಳಗೆ ಸರಿಸಿ, ಪಟ್ಟಿಯ ಮೇಲಣ ಬಿಳಿಯ ಗೆರೆ ಬಾಯಿಯ ಅಂಚಿಗೆ ಸರಿಸಮವಾಗಿ ನಿಂತಿತೆಂದು ಕಂಡ ಮೇಲೆ ಮುಚ್ಚಿದೆನು. ಕೂಡಿಸುವುದರಲ್ಲಿ ಬಲಕ್ಕಿಂತ ಸಮತೆ ಮುಖ್ಯವೆಂಬುದನ್ನು ಆ ಕೂದಲೆಳೆಯ ಓರೆ ನನಗೆ ಕಲಿಸಿತು.

ಈ ಸಲ ಎಲ್ಲ ಕೀಲಿಗಳೂ ಓಗೊಟ್ಟುವು. ತೋರುಬೆರಳಿನ ಕೆಳಗೆ ಹೊಸ ಏಣು ಸ್ಪಷ್ಟವಾಗಿ ತಾಗಿತು. ಎಷ್ಟು ವರ್ಷಗಳಿಂದ ಅದನ್ನು ಮರೆತಿದ್ದೆನೆಂಬುದು ತಾಗಿದಾಗಲೇ ತಿಳಿಯಿತು. ಅಪ್ಪ, ಅಮ್ಮ, ಅಕ್ಕ, ಅಣ್ಣ, ಅಜ್ಜಿ, ಅನ್ನ, ತುಪ್ಪ, ಎಳ್ಳು, ಬೆಲ್ಲ ಎಂದು, ಅಷ್ಟು ದಿನ ಮನೆಯಿಂದ ಹೊರಗೆ ನಿಂತಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಒಳಗೆ ಕರೆದಂತೆ ಬರೆದೆನು. ಅಮ್ಮ ಪರದೆಯತ್ತ ಬಾಗಿ ಒಂದೊಂದನ್ನೂ 
ಗಟ್ಟಿಯಾಗಿ ಓದಿದರು.

ಕಳಚಿದ ಹಳೆಯ ಮಣೆಯನ್ನು ಅಮ್ಮನಿಗೆ ತೋರಿಸಬೇಕೆನಿಸಿ, ಅದರ ಬೆನ್ನಿನ ತಗಡನ್ನು ಬಿಡಿಸಿ, ಒಳಗಿನ ಹಾಳೆಗಳನ್ನು ಒಂದೊಂದಾಗಿ ಎಬ್ಬಿಸಿದೆನು. ಬೆಳ್ಳಿಯ ಬಣ್ಣದ ಗೆರೆಗಳು ರಂಗೋಲಿಯ ಎಳೆಗಳಂತೆ ಚುಕ್ಕಿಯಿಂದ ಚುಕ್ಕಿಗೆ ಹರಿದಿದ್ದುವು. ಒತ್ತಿನ ಸ್ಥಾನದಲ್ಲಿ ಮಾತ್ರ ಆ ಚುಕ್ಕಿ ಕಪ್ಪಾಗಿ, ಅಲ್ಲಿಂದ ಹೊರಟ ಗೆರೆಯಲ್ಲಿ ಕೂದಲಿನಷ್ಟು ಬಿರುಕು. ಅಮ್ಮ ಅದರ ಮೇಲೆ ಬೆರಳಾಡಿಸಿ, “ಒರಳು ಸವೆದ ಹಾಗೆ ಸವೆದಿದೆ. ನಾವು ಒರಳು ನುಣುಪಾದರೆ ಉಳಿ ಹೊಡೆಯೋರನ್ನ ಕರೆಸಿ ಮತ್ತೆ ಕಚ್ಚು ಹಾಕಿಸ್ತಿದ್ದೆವು. ಒರಳನ್ನೇ ಯಾರಾದರೂ ಬಿಸಾಡ್ತಾರೇನೋ?” ಎಂದರು. ಹಳೆಯ ಮಣೆಯನ್ನು ಕಸಕ್ಕೆ ಹಾಕದೆ, ವಿದ್ಯುನ್ಮಾನ ತ್ಯಾಜ್ಯವನ್ನು ಸಂಗ್ರಹಿಸುವವರಿಗೆ ಒಪ್ಪಿಸುವುದೆಂದು ಕಾಗದದಲ್ಲಿ ಸುತ್ತಿಟ್ಟೆನು. ಆ ಎಫ್ ಕೀಲಿಯ ಸವೆದ ಟೊಪ್ಪಿಗೆಯೊಂದನ್ನು ಮಾತ್ರ ಲೇಖನಿಗಳ ಪೆಟ್ಟಿಗೆಯಲ್ಲಿ ಉಳಿಸಿಕೊಂಡೆನು.

ಕಡೆಗೆ ಅಳಗುಳಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಗುಳಿಯಿಂದ ಗುಳಿಗೆ ನಡೆದು, ಹದಿಮೂರು ತಿರುಪುಗಳನ್ನೂ ಅವುಗಳ ಸ್ವಸ್ಥಾನಕ್ಕೆ ಸೇರಿಸಿ, ಬಿಗಿಯೆನಿಸಿದೊಡನೆ ಕೈ ನಿಲ್ಲಿಸಿದೆನು. ಕೆಲಸ ಮುಗಿದುದಕ್ಕೆ ಯಂತ್ರದ ಮಾತಿಗಿಂತ ಆ ಮಣೆಯ ಮಾತೇ ಹೆಚ್ಚಿನ ಪ್ರಮಾಣವಾಗಿ ನನಗೆ ಕಂಡಿತು. ಅಮ್ಮ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಂದೊಂದು ಗುಳಿಗೂ ಬೆರಳು ಹಾಕಿ, ಹದಿನಾಲ್ಕರಲ್ಲಿ ಎಲ್ಲಿಯೂ ಏನೂ ಉಳಿದಿಲ್ಲವೆಂದು ನಿಧಾನವಾಗಿ ನೋಡಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಹುಣಿಸೆಬೀಜಗಳನ್ನು ಎಣಿಸಿ ಎಣಿಸಿ ತುಂಬತೊಡಗಿದರು.